ಬಸಿಯಿಲ್ಲದ ಕಪ್ಪು

ಹೆಸ್ಟರ್ ಪಾಸ್ಕ್‌ಳ ಅಡುಗೆಮನೆ ಕಿಟಕಿಯಲ್ಲಿ ನಿಂತರೆ ದೊಡ್ಡಮನೆ ಬಯಲು ಆ ತುದಿಯಿಂದ ಈ ತುದಿಯವರೆಗೆ ಕಾಣುತ್ತಿತ್ತು. ಹೆಸರಿಗಷ್ಟೇ ದೊಡ್ಡಮನೆ. ಅಲ್ಲಿ ಮನೆಯಿಲ್ಲ, ಗೋಡೆಯಿಲ್ಲ, ಕೈಗೆ ಸಿಗುವ ಒಂದು ಕಲ್ಲೂ ಇಲ್ಲ. ಯಾವ ರಾಜನ ಕಾಲದಲ್ಲೋ ಒಬ್ಬ ಜಮೀನ್ದಾರ ಸುತ್ತ ಕಂದಕ ತೋಡಿಸಿ, ಒಡ್ಡು ಹಾಕಿಸಿ, ನಡುವೆ ಕೋಟೆಯಂಥ ಮನೆ ಕಟ್ಟಿಕೊಂಡು ಮೆರೆದನಂತೆ. ವಂಶ ಅಳಿಯಿತು, ಮನೆ ಬಿತ್ತು, ಕಲ್ಲನ್ನೆಲ್ಲ ನಮ್ಮ ಹಾಲ್‌ಥರ್ಪಿನ ಹಿರಿಯರು ನಾಚಿಕೆಯಿಲ್ಲದೆ ಹೊತ್ತೊಯ್ದು ಹಂದಿಗೂಡು ಕಟ್ಟಿಕೊಂಡರು. ಉಳಿದದ್ದು ನೆಲದ ಉಬ್ಬುತಗ್ಗು ಮಾತ್ರ: ಜೊಂಡು ಬೆಳೆದ ಚೌಕ ಕಂದಕ, ಹುಲ್ಲು ಹೊದ್ದ ಒಡ್ಡು, ಮೀನು ಸಾಕುತ್ತಿದ್ದ ಕೊಳಗಳ ಗುಂಡಿ, ಮತ್ತೆ ಬಯಲಿನ ಆಚೆ ತುದಿಯಲ್ಲಿ ಪೂರ್ವ-ಪಶ್ಚಿಮವಾಗಿ ಮೈಚಾಚಿದ ಒಂದು ನೀಳ ದಿಬ್ಬ.

ಆ ದಿಬ್ಬಕ್ಕೆ ನಮ್ಮೂರಲ್ಲಿ ಚರ್ಚ್‌ದಿಬ್ಬ ಅಂತ ಹೆಸರು. ದೊಡ್ಡಮನೆಯವರ ಸ್ವಂತದ ಪುಟ್ಟ ಚರ್ಚು ಅಲ್ಲಿತ್ತು, ಬಿಷಪ್ಪರೇ ಬಂದು ಮಂತ್ರಿಸಿದ ನೆಲ ಅದು ಅಂತ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತ ಬಂದಿದ್ದರು. ಯಾರು ನೋಡಿದ್ದರು? ಯಾರೂ ಇಲ್ಲ. ಆದರೆ ಹೆಸ್ಟರ್‌ಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಬೆಳಿಗ್ಗೆ ಒಲೆ ಮೇಲೆ ಕೆಟಲ್ ಇಟ್ಟವಳೇ ಕಿಟಕಿಗೆ ಬಂದು, ಬಾಯೊಳಗೇ, "ಎದ್ದೆಯಾ ಮರಿ?" ಅನ್ನುವಳು. ಅವಳ ಮಗಳು ಆ ದಿಬ್ಬದಲ್ಲಿದ್ದಳು.

ಅದೊಂದು ಹಳೆಯ ರೂಢಿ. ಸತ್ತು ಹುಟ್ಟಿದ ಮಗುವಿಗೆ ಜ್ಞಾನಸ್ನಾನವಿಲ್ಲ. ಜ್ಞಾನಸ್ನಾನ ಆಗದ ಮಗುವಿಗೆ ನಮ್ಮ ಹಳೆಯ ಪಾದ್ರಿಯ ಚರ್ಚಿನಂಗಳದಲ್ಲಿ ಮೊಳ ನೆಲವೂ ಇರಲಿಲ್ಲ. ಪುಣ್ಯಾತ್ಮ ಆ ವಿಷಯದಲ್ಲಿ ಜಪ್ಪಯ್ಯ ಅಂದರೂ ಬಗ್ಗುತ್ತಿರಲಿಲ್ಲ. ಇನ್ನೇನು ಮಾಡುವುದು? ಹೆಂಗಸರು ಮಂತ್ರಿಸಿದ ನೆಲವನ್ನು ತಾವೇ ಹುಡುಕಿಕೊಂಡರು. ಹೆತ್ತವಳಂತೂ ಹೋಗುವಂತಿಲ್ಲ. ಚರ್ಚಿಗೆ ಹೋಗಿ ಬಾಣಂತಿಯ ಆಶೀರ್ವಾದ ಪಡೆಯುವ ತನಕ ಅವಳು ಹೊಸ್ತಿಲು ದಾಟಿದರೆ ಕಾಲಿಟ್ಟ ಮನೆಗೆಲ್ಲ ಕೇಡು ಅನ್ನುವ ಕಾಲ. ಹಾಗಾಗಿ ಅತ್ತೆಯೋ ತಾಯಿಯೋ ಶಾಲಿನ ಮರೆಯಲ್ಲಿ ಪೆಟ್ಟಿಗೆ ಹಿಡಿದು ದಿಬ್ಬಕ್ಕೆ ಹೋಗಿ ಬರುತ್ತಿದ್ದರು. ಹೋಗುವ ಮುಂಚೆ ಹೆತ್ತವಳ ಕಪ್ಪು-ಬಸಿಯಲ್ಲಿ ಕಪ್ಪಿನಡಿಯ ತಟ್ಟೆಯಾದ ಬಸಿಯನ್ನು ಮಾತ್ರ ತೆಗೆದು, ಅದರ ತುಂಬ ಉಪ್ಪು ಸುರಿದು, ಮಗುವಿನ ಜೊತೆ ಇಡುವರು. ಉಪ್ಪಿದ್ದಲ್ಲಿ ಕೆಟ್ಟದ್ದು ಸುಳಿಯುವುದಿಲ್ಲ. ಕಪ್ಪು ಮಾತ್ರ ಮನೆಯಲ್ಲೇ ಉಳಿಯುತ್ತಿತ್ತು. ಹಾಲ್‌ಥರ್ಪಿನಲ್ಲಿ ಯಾರ ಮನೆಯ ಪಾತ್ರೆ ಬೀರುವಿನಲ್ಲಾದರೂ ಬಸಿಯಿಲ್ಲದ ಒಂಟಿ ಕಪ್ಪು ಕಂಡರೆ ನೋಡಿದವರು ಬೇರೆ ಕಡೆ ಕಣ್ಣು ತಿರುಗಿಸುತ್ತಿದ್ದರು. ಕೇಳುವ ಪದ್ಧತಿಯಿರಲಿಲ್ಲ, ಹೇಳುವ ಪದ್ಧತಿಯಂತೂ ಮೊದಲೇ ಇರಲಿಲ್ಲ.

ಹೆಸ್ಟರ್‌ಳ ಕಪ್ಪು ಬಿಳಿಯದು, ಅಂಚಿಗೆ ಹಸಿರು ಮೂರೆಲೆಯ ಬಳ್ಳಿ. ಮದುವೆಯಲ್ಲಿ ಬಂದ ಸೆಟ್ಟು. ಯುದ್ಧಕ್ಕೂ ಹತ್ತು ವರ್ಷ ಹಿಂದಿನ ಮಾತು. ಯುದ್ಧ ಮುಗಿದೇ ಈಗ ಹದಿನೇಳು ವರ್ಷ. ಮಗುವಿನ ಮುಖವನ್ನು ಅವಳಿಗೆ ಯಾರೂ ತೋರಿಸಲಿಲ್ಲ. ನೋಡಿದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ ಅಂತ ಸೂಲಗಿತ್ತಿ ಬಟ್ಟೆಯಲ್ಲಿ ಸುತ್ತಿ ಹೊರಗೆ ಒಯ್ದಳು. ಮಂಚದ ಮೇಲೆ ಮಲಗಿದ್ದವಳಿಗೆ ಕೇಳಿಸಿದ್ದು ಅಂಗಳದಲ್ಲಿ ಗಂಡ ವಾಲ್ಟ್ ಸೇಬಿನ ಪೆಟ್ಟಿಗೆಗೆ ಮೊಳೆ ಹೊಡೆಯುವ ಸದ್ದು. ಆಮೇಲೆ ಅತ್ತೆ ಒದ್ದೆ ಬೂಟಿನಲ್ಲಿ ಒಳಗೆ ಬಂದು, "ದಿಬ್ಬದಲ್ಲಿ ಬೆಚ್ಚಗಿದ್ದಾಳೆ, ನೀನು ಮಲಕ್ಕೋ" ಅಂದಳು. ಆಮೇಲೆ ಹೆಸ್ಟರ್‌ಳ ಮಡಿಲು ತುಂಬಲೇ ಇಲ್ಲ.

ವಾಲ್ಟ್, ಬಯಲಿನ ಒಡೆಯ ಗ್ಯಾರಡ್‌ನ ಕೊಟ್ಟಿಗೆಯಲ್ಲಿ ದನ ನೋಡಿಕೊಳ್ಳುವವನು. ಒಮ್ಮೆ ಅವರಿಗೆ ಹಾಲಿನ ಮನೆ ಪಕ್ಕ ಇಟ್ಟಿಗೆಯ ಮನೆ ಸಿಗುವುದಿತ್ತು, ಒಳಗೇ ನಲ್ಲಿಯಿದ್ದ ಮನೆ. ಹೆಸ್ಟರ್ ಖಡಾಖಂಡಿತ ಬರುವುದಿಲ್ಲ ಅಂದಳು. ಅಲ್ಲಿಂದ ದಿಬ್ಬ ಕಾಣುವುದಿಲ್ಲವಲ್ಲ! ವಾಲ್ಟ್ ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡು, ಎಂದಿನಂತೆ ಬಾವಿಗೆ ಬಕೆಟ್ಟು ಹಿಡಿದು ಹೋದ.

ಹೀಗಿರುವಾಗ ಆ ವರ್ಷ ಗ್ಯಾರಡ್‌ಗೆ ಬಯಲನ್ನು ಮಟ್ಟ ಮಾಡಿ ಗೋಧಿ ಬಿತ್ತುವ ಹುಚ್ಚು ಹತ್ತಿತು. ಎಲ್ಲ ಕಡೆ ಆಗುತ್ತಿದ್ದದ್ದೇ. ಕಂದಕ ಮುಚ್ಚಿಸುವುದು, ಒಡ್ಡು ತಳ್ಳಿಸುವುದು, ನೆಲವನ್ನು ಮೇಜಿನ ಹಾಗೆ ಮಾಡುವುದು. ಅದಕ್ಕೂ ಮೊದಲು ಹಳೆಯ ಮನೆಯ ಗುರುತು ಹುಡುಕಲಿ ಅಂತ ಸರ್ಕಾರದವರು ಬೇಸಿಗೆಯಲ್ಲಿ ಉತ್ಖನನದವರನ್ನು ಕಳಿಸಿದರು. ಮುಂದಾಳು ಮಿಸ್ ಲಾಟನ್ ಅನ್ನುವ ನಲವತ್ತರ ಹೆಂಗಸು, ಗಂಡಸರ ಪ್ಯಾಂಟು, ಬಿಸಿಲಿಗೆ ಸುಟ್ಟ ಮೂಗು. ಜೊತೆಗೊಂದಷ್ಟು ಕಾಲೇಜು ಹುಡುಗ ಹುಡುಗಿಯರು. ಅವರಿಗೆ ಮಧ್ಯಾಹ್ನದ ಊಟ ಮಾಡಿಕೊಡುವ ಕೆಲಸವನ್ನು ಹೆಸ್ಟರ್ ತಾನಾಗಿಯೇ ಕೇಳಿ ಪಡೆದಳು. ಊಟದ ನೆಪದಲ್ಲಾದರೂ ಅವರ ಗುದ್ದಲಿ ಎಲ್ಲಿ ಬೀಳುತ್ತದೆ ಅಂತ ಕಣ್ಣಿಡಬಹುದಲ್ಲ.

"ಅವರು ದಿಬ್ಬಕ್ಕೆ ಕೈ ಹಾಕಿದರೆ ಏನು ಗತಿ, ವಾಲ್ಟ್?" ಅಂದಳು ಮೊದಲ ದಿನವೇ. "ಹೊರಗೆ ತೆಗೆದು, ಮೇಜಿನ ಮೇಲೆ ಹರಡಿ, ನಂಬರ್ ಅಂಟಿಸ್ತಾರಂತೆ. ಪಕ್ಕದ್ಮನೆ ಡಲ್ಸಿ ಹೇಳಿದ್ಲು."

ವಾಲ್ಟ್ ಬೂಟಿನ ದಾರ ಬಿಚ್ಚುತ್ತ ತಲೆಯೆತ್ತಲಿಲ್ಲ. "ಅಗೆದುಕೊಳ್ಳಲಿ ಬಿಡು. ಅಲ್ಲೇನಿದೆ?"

"ಅಲ್ಲೇನಿದೆಯಾ? ಏನಂದೆ ನೀನು?" ಹೆಸ್ಟರ್ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಒಂದು ಕರು ಸತ್ತರೆ ಎರಡು ದಿನ ಊಟ ಬಿಡೋನು ನೀನು! ಕಲ್ಲು ಮನುಷ್ಯ!"

ಅವನು ಇನ್ನೊಂದು ಬೂಟಿನ ದಾರಕ್ಕೆ ಕೈ ಹಾಕಿದ. ಆ ರಾತ್ರಿ ಹೆಸ್ಟರ್ ಗೋಡೆ ಕಡೆ ತಿರುಗಿ ಮಲಗಿದಳು.

ಮೊದಲ ಕೆಲವು ದಿನ ಉತ್ಖನನದವರು ಕಂದಕದ ನಡುವಿನ ಚೌಕದಲ್ಲೇ ಇದ್ದರು. ಒಲೆಯ ಬೂದಿ, ಕುದುರೆ ಲಾಳ, ಹೆಂಚಿನ ಚೂರು ಸಿಕ್ಕಿತು. ಹೆಸ್ಟರ್ ಕುರಿಮಾಂಸದ ಸಾರು, ಆಲೂಗಡ್ಡೆ, ಒಣದ್ರಾಕ್ಷಿ ಹಾಕಿದ ಬ್ರೆಡ್ಡು ಹೊತ್ತುಕೊಂಡು ಹೋಗಿ ಕೊಡುತ್ತ, ಗುದ್ದಲಿ ಇನ್ನೂ ದೂರದಲ್ಲಿದೆ ಅಂತ ಸಮಾಧಾನ ಮಾಡಿಕೊಂಡು ಬರುತ್ತಿದ್ದಳು. ಒಂದು ಮಧ್ಯಾಹ್ನ ಮಿಸ್ ಲಾಟನ್ ತಟ್ಟೆ ಬದಿಗಿಟ್ಟು ದಿಬ್ಬದ ಕಡೆ ಕೈ ತೋರಿಸಿದಳು. "ಆ ಉದ್ದನೆಯದು ಏನಿರಬಹುದು ಅಂತೀರಿ, ಮಿಸೆಸ್ ಪಾಸ್ಕ್? ನಾನಂತೂ ಅದನ್ನ ಬಿಟ್ಟುಬಿಡೋಣ ಅಂದುಕೊಂಡಿದ್ದೀನಿ. ಟೈಮಿಲ್ಲ."

ಅಯ್ಯೋ, ಅಲ್ಲಿಗೆ ಸುಮ್ಮನಿದ್ದಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು! ಹೆಸ್ಟರ್‌ಗೆ ಅಷ್ಟು ಸಾಲಲಿಲ್ಲ. ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಬಿಡೋಣ ಅನ್ನಿಸಿತು.

"ಬಿಟ್ಟುಬಿಡಿ ಮೇಡಂ, ಅದನ್ನ ಮುಟ್ಟಲೇಬೇಡಿ," ಅಂದಳು. "ಅದು ಚರ್ಚ್‌ದಿಬ್ಬ. ದೊಡ್ಡಮನೆಯವರ ಚರ್ಚು ಇದ್ದ ಜಾಗ. ಮಂತ್ರಿಸಿದ ನೆಲ."

ಮಿಸ್ ಲಾಟನ್‌ಳ ಮುಖ ಅರಳಿದ್ದು ನೋಡಬೇಕಿತ್ತು. "ಚರ್ಚಾ? ದೊಡ್ಡಮನೆಯವರ ಚರ್ಚಾ? ಅಯ್ಯೋ ದೇವರೇ, ಮಿಸೆಸ್ ಪಾಸ್ಕ್, ಇದನ್ನ ಮೊದಲೇ ಹೇಳಬಾರದಿತ್ತಾ!" ಅಂದವಳೇ ಎದ್ದು ನಿಂತು ಹುಡುಗರನ್ನು ಕೂಗಿದಳು. "ಏಳ್ರಪ್ಪ, ನಾಳೆಯಿಂದ ಎಲ್ಲರೂ ಆ ಕಡೆ!"

ಹೆಸ್ಟರ್ ಅಡ್ಡ ಬಂದು ಏನೇನೋ ಹೇಳಿದಳು. ಇಲ್ಲ, ಅದು ಬರೀ ಅಜ್ಜಿಕಥೆ, ಯಾರೂ ನೋಡಿಲ್ಲ, ಹಾವಿದೆ. ಕೇಳುವವರು ಯಾರು? ಖಾಲಿ ಪಾತ್ರೆ ಹೊತ್ತು ಮನೆಗೆ ಬರುವಾಗ ತನ್ನ ಬಾಯಿಗೆ ತಾನೇ ಬೆಂಕಿ ಹಾಕಬೇಕು ಅನ್ನಿಸಿತು. ಮಗಳನ್ನು ಕಾಯಲು ಹೋಗಿ ತಾನೇ ಬೆರಳು ಮಾಡಿ ತೋರಿಸಿಕೊಟ್ಟು ಬಂದಿದ್ದಳು.

ಎರಡು ದಿನ ಮಳೆ ಬಂತು. ಹೆಸ್ಟರ್ ಆ ಮಳೆಗೆ ಕೈಮುಗಿದಳು. ಮೂರನೆಯ ದಿನ ಬಿಸಿಲು. ಮಧ್ಯಾಹ್ನ ಊಟದ ಬುಟ್ಟಿ ಹಿಡಿದು ಹೋದಾಗ ದಿಬ್ಬದ ಮೇಲ್ಮಣ್ಣೆಲ್ಲ ಕೆರೆದಿತ್ತು, ಹೊಟ್ಟೆ ಅಡ್ಡಡ್ಡ ಸೀಳಿತ್ತು. ಒಳಗೆ ಕಲ್ಲಿಲ್ಲ, ಗಾರೆಯಿಲ್ಲ. ಬರೀ ಹಳದಿ ಮರಳು, ಅದರಲ್ಲಿ ಕವಲು ಕವಲಾಗಿ ಕಪ್ಪಗಿನ ಬಿಲದ ಗುರುತು. ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಒಬ್ಬ ತಲೆ ಮೇಲೆ ಎರಡು ಬೆರಳು ಕಿವಿಯಂತೆ ನಿಲ್ಲಿಸಿಕೊಂಡು ಕುಣಿಯುತ್ತಿದ್ದ.

"ಚರ್ಚೂ ಇಲ್ಲ ಗಿರ್ಚೂ ಇಲ್ಲ, ಮಿಸೆಸ್ ಪಾಸ್ಕ್," ಅಂದಳು ಮಿಸ್ ಲಾಟನ್, ನಿರಾಸೆಯನ್ನು ನಗೆಯಲ್ಲಿ ಮುಚ್ಚುತ್ತ. "ಮೊಲದ ದಿಬ್ಬ! ಜಮೀನ್ದಾರರು ಊಟಕ್ಕೆ ಮೊಲ ಸಾಕುತ್ತಿದ್ದರು. ಬಿಲ ತೋಡೋಕೆ ಸುಲಭ ಆಗಲಿ ಅಂತ ಗಾಡಿಗಟ್ಟಲೆ ಮರಳು ತರಿಸಿ ಇಂಥ ಉದ್ದ ದಿಬ್ಬ ಹಾಕಿಸ್ತಿದ್ರು. ನಿಮ್ಮ ಹಿರಿಯರು ಆಕಾರ ನೋಡಿ ಮೋಸ ಹೋದರು ಅಷ್ಟೆ."

ಹೆಸ್ಟರ್ ಬುಟ್ಟಿ ಕೆಳಗಿಟ್ಟಳು. ಮೊಲದ ದಿಬ್ಬ. ಮಂತ್ರಿಸಿದ ನೆಲವಲ್ಲ. ಯಾವ ಬಿಷಪ್ಪನೂ ಬಂದಿರಲಿಲ್ಲ. ಎಷ್ಟು ಅತ್ತೆಯರು, ಎಷ್ಟು ಅಮ್ಮಂದಿರು ಆ ಮರಳಿನ ಮೇಲೆ ಮೊಣಕಾಲೂರಿ ಗೊತ್ತಿದ್ದಷ್ಟು ಪ್ರಾರ್ಥನೆ ಹೇಳಿ ಬಂದಿದ್ದರು!

"ಅದೂ ಅಲ್ಲದೆ ಮೇಲುಭಾಗವೆಲ್ಲ ಯಾರೋ ಕಸ ಹೂತು ಹಾಳು ಮಾಡಿದ್ದಾರೆ," ಅಂದ ಕಿವಿ ಮಾಡಿಕೊಂಡಿದ್ದ ಹುಡುಗ. "ಅಲ್ಲಲ್ಲಿ ಸಣ್ಣ ಸಣ್ಣ ಗುಂಡಿ. ಗುಂಡಿಗೊಂದು ಬಸಿ! ಕಪ್ಪೇ ಇಲ್ಲ, ಬರೀ ಬಸಿ. ಊರಲ್ಲಿ ಯಾರಿಗೋ ಬಸಿ ಕಂಡರೆ ಆಗ್ತಿರಲಿಲ್ಲ ಅನ್ಸುತ್ತೆ."

ಮಣ್ಣಿನ ಗುಡ್ಡೆಯ ಪಕ್ಕದಲ್ಲಿ ತಗಡಿನ ಬಕೆಟ್ಟಿತ್ತು. ಅದರಲ್ಲಿ ಒಂದರ ಮೇಲೊಂದು ಬಸಿಗಳು. ಗುಲಾಬಿ ಹೂವಿನವು ಎರಡು, ನೀಲಿ ಗೆರೆಯದು, ಚಿನ್ನದ ಅಂಚು ಸವೆದದ್ದು, ತುಂಬ ಹಳೆಯ ಕಂದು ಬಣ್ಣದ್ದು. ಗುಲಾಬಿಯವು ಯಾರವೆಂದು ಹೆಸ್ಟರ್‌ಗೆ ನೋಡುತ್ತಿದ್ದಂತೆ ಗೊತ್ತಾಯಿತು. ಪಕ್ಕದ ಮನೆ ಡಲ್ಸಿಯ ಬೀರುವಿನಲ್ಲಿ ಆ ಗುಲಾಬಿಯ ಎರಡು ಕಪ್ಪುಗಳು ಒಂಟಿಯಾಗಿದ್ದವು. ಡಲ್ಸಿ ಎರಡು ಸಲ ಅನುಭವಿಸಿದ್ದಳು.

"ಅವು ಕಸ ಅಲ್ಲ," ಅಂದಳು ಹೆಸ್ಟರ್. ಮತ್ತೆ ಹೇಳಿದಳು. "ಕಸ ಅಲ್ಲ ಕಣಪ್ಪ. ಅವು ನಮ್ಮ ಮಕ್ಕಳು."

ಯಾರಿಗೂ ಅರ್ಥವಾಗಲಿಲ್ಲ. ಹೆಸ್ಟರ್ ಹುಲ್ಲಿನ ಮೇಲೆ ಕುಸಿದು ಕೂತು ಎಲ್ಲ ಹೇಳಿದಳು. ತಾನು ಹುಟ್ಟಿದಂದಿನಿಂದ ಊರಲ್ಲಿ ಯಾರೂ ಯಾರಿಗೂ ಬಾಯಿಬಿಟ್ಟು ಹೇಳದಿದ್ದನ್ನು, ಪರ ಊರಿನ ಅಷ್ಟು ಮಂದಿಯೆದುರು, ಪೆಟ್ಟಿಗೆಯಿಂದ ಉಪ್ಪಿನವರೆಗೆ ಹೇಳಿದಳು. ಕುಣಿಯುತ್ತಿದ್ದ ಹುಡುಗ ಮುಖ ತಿರುಗಿಸಿಕೊಂಡು ಕಂದಕದ ಕಡೆ ಹೋಗಿ ನಿಂತ. ಮಿಸ್ ಲಾಟನ್ ಟೋಪಿ ತೆಗೆದಳು. ಬಕೆಟ್ಟಿನ ಮುಂದೆ ಮೊಣಕಾಲೂರಿ ಒಂದೊಂದೇ ಬಸಿಯನ್ನು ತೆಗೆದು ತನ್ನ ಕೋಟಿನ ಮೇಲೆ ಸಾಲಾಗಿ ಇಟ್ಟಳು.

"ಮೂಳೆ ಏನೂ ಸಿಗಲಿಲ್ಲ, ಮಿಸೆಸ್ ಪಾಸ್ಕ್," ಅಂದಳು ಮೆತ್ತಗೆ. "ನಿಜವಾಗಿ ಸಿಗಲಿಲ್ಲ. ಈ ಮರಳಿನಲ್ಲಿ ಅಷ್ಟು ಎಳೆಯದು ಉಳಿಯೋದಿಲ್ಲ. ಸಿಕ್ಕಿದ್ದರೆ ನಮಗೆ ಗೊತ್ತಾಗ್ತಿತ್ತು. ನನ್ನನ್ನ ಕ್ಷಮಿಸಿ."

ಹೆಸ್ಟರ್ ಅವಳ ಕ್ಷಮೆಯನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಸಿಗಳ ಸಾಲನ್ನು ನೋಡುತ್ತಿದ್ದಳು. ಹಸಿರು ಬಳ್ಳಿಯದು ಅದರಲ್ಲಿರಲಿಲ್ಲ.

ಸಂಜೆಗೆ ಸುದ್ದಿ ಊರೆಲ್ಲ ಹರಡಿತ್ತು. ಹೆಂಗಸರು ಬಂದರು. ಕರೆದವರಿಲ್ಲ, ಮಾತಾಡಿಕೊಂಡು ಬಂದವರೂ ಅಲ್ಲ. ಒಬ್ಬೊಬ್ಬರೇ, ಏಪ್ರನ್ನಿನೊಳಗೆ ಕಪ್ಪನ್ನು ಮುಚ್ಚಿಕೊಂಡು ಬಂದರು. ತಂದ ಕಪ್ಪನ್ನು ಬಸಿಯ ಪಕ್ಕ ಹಿಡಿದು, ಹೂವಿಗೆ ಹೂವು ಗೆರೆಗೆ ಗೆರೆ ಕೂಡಿದರೆ ತೆಗೆದುಕೊಂಡು ಏಪ್ರನ್ನಿಗೆ ಒರೆಸಿದರು. ಒಬ್ಬರ ಕೈಯಲ್ಲಿ ಕಪ್ಪು ಕಂಡು ಇನ್ನೊಬ್ಬರು, "ನಿನಗೂನಾ?" ಅಂದದ್ದೇ ಆ ಸಂಜೆಯ ದೊಡ್ಡ ಮಾತು. ಹೊಸ ಪಾದ್ರಿ, ಒಳ್ಳೆಯ ಹುಡುಗ, ಓಡಿ ಬಂದು ಎಲ್ಲವನ್ನೂ ಚರ್ಚಿನಂಗಳದಲ್ಲಿ ಒಟ್ಟಿಗೆ ಇಟ್ಟು ಪ್ರಾರ್ಥನೆ ಮಾಡುತ್ತೇನೆ ಅಂದ.

"ಈಗ ಬಂದ್ರಾ?" ಅಂದಳು ಡಲ್ಸಿ, ಎರಡು ಬಸಿಯನ್ನೂ ಎದೆಗೆ ಅವಚಿಕೊಂಡು. "ನಿಮ್ಮ ಚರ್ಚಿನವರು ಬಾಗಿಲು ತೆಗೆಯೋ ಹೊತ್ತಿಗೆ ನನ್ನ ಮಕ್ಕಳು ಮರಳಾದರು. ಇವು ನನ್ನ ಜೊತೆ ಮನೆಗೆ ಬರ್ತವೆ. ನಾಳೆ ಬೆಳಿಗ್ಗೆ ಇವುಗಳಲ್ಲೇ ಟೀ ಕುಡೀತೀನಿ, ಏನ್ ಮಾಡ್ತೀರೋ ಮಾಡ್ಕಳಿ." ಹಾಗಂದವಳು ದಾರಿಯುದ್ದಕ್ಕೂ ಅಳುತ್ತ ಹೋದಳು.

ಕೊನೆಗೆ ಕಪ್ಪಿಲ್ಲದ ಕೆಲವು ಬಸಿ ಕೋಟಿನ ಮೇಲೆ ಉಳಿದವು. ಅವುಗಳ ತಾಯಂದಿರೇ ಈಗ ಇರಲಿಲ್ಲ. ಬಸಿಯಿಲ್ಲದ ಒಂದೇ ಒಂದು ಕಪ್ಪು ಉಳಿಯಿತು, ಹೆಸ್ಟರ್‌ಳದು.

ಮಾರನೆಯ ಬೆಳಿಗ್ಗೆ ಅವಳು ಮಿಸ್ ಲಾಟನ್‌ಳ ಡೇರೆಯ ಮುಂದೆ ನಿಂತಿದ್ದಳು. "ಪೂರ್ತಿ ಅಗೀರಿ," ಅಂದಳು. "ಒಂದು ಗೇಣು ಬಿಡಬೇಡಿ."

"ನೀವೇ ಮುಟ್ಟಬೇಡಿ ಅಂದಿದ್ದಿರಿ..."

"ಅಂದಿದ್ದೆ. ಈಗ ಅಗೀರಿ ಅಂತಿದ್ದೀನಿ. ನನ್ನ ಮಗಳು ಸಿಕ್ಕಿಲ್ಲ."

ಮಿಸ್ ಲಾಟನ್ ಬೇರೆ ಕೆಲಸವನ್ನೆಲ್ಲ ಬಿಟ್ಟು, ಉಳಿದ ದಿನಗಳನ್ನೆಲ್ಲ ಆ ದಿಬ್ಬಕ್ಕೇ ಸುರಿದಳು. ಹುಡುಗರು ಈಗ ಗುದ್ದಲಿ ಮುಟ್ಟಲಿಲ್ಲ. ಕೈಕರಣೆ, ಬ್ರಶ್ಶು ಹಿಡಿದು ಮಗುವಿನ ಮೈ ಒರೆಸುವಷ್ಟು ನಾಜೂಕಾಗಿ ಮರಳು ಸರಿಸಿದರು. ಹೆಸ್ಟರ್ ದಿನವಿಡೀ ಅಂಚಿನಲ್ಲಿ ಕೂತು, ಮಡಿಲಲ್ಲಿ ಕಪ್ಪಿಟ್ಟುಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಬಿಳಿಯ ಚೂರು ಹೊಳೆದಾಗಲೆಲ್ಲ ಏಳುವಳು. ಅಂಗಿಯ ಕೊಂಬಿನ ಗುಂಡಿ, ಸುಣ್ಣದ ಹರಳು, ಮೊಲದ ಹಲ್ಲು. ಗ್ಯಾರಡ್‌ನ ಬುಲ್ಡೋಜರ್ ಬೇಲಿಯ ಹತ್ತಿರ ಬಂದು ನಿಂತ ದಿನ ದಿಬ್ಬದಲ್ಲಿ ಅಗೆಯಲು ಇನ್ನೇನೂ ಉಳಿದಿರಲಿಲ್ಲ. ಹಸಿರು ಬಳ್ಳಿಯ ಬಸಿ ಅಲ್ಲಿರಲಿಲ್ಲ. ಎಂದೂ ಇರಲಿಲ್ಲ.

ಮನೆಗೆ ಬಂದಾಗ ವಾಲ್ಟ್ ಹಾಲು ಕರೆದು ಬಂದು ಕೈ ತೊಳೆಯುತ್ತಿದ್ದ. ಹೆಸ್ಟರ್ ಕಪ್ಪನ್ನು ಮೇಜಿನ ಮೇಲೆ ಕುಕ್ಕಿದಳು.

"ಎಲ್ಲಿ ಎಸೆದಳು ನಿನ್ನಮ್ಮ?"

ಅವನು ಕೈ ತೊಳೆಯುವುದನ್ನು ನಿಲ್ಲಿಸಿದ.

"ಕೇಳ್ತಿದ್ದೀನಿ, ಎಲ್ಲಿ ಎಸೆದಳು? ಕಂದಕಕ್ಕಾ? ತಿಪ್ಪೆಗಾ? ಅಷ್ಟು ದೂರ ನಡೆಯೋಕೆ ಸೋಮಾರಿತನ ಬಂತಾ ಮುದುಕಿಗೆ? ಬೆಚ್ಚಗಿದ್ದಾಳೆ ಅಂದಳಲ್ಲ, ನನ್ನ ಮುಖ ನೋಡಿಕೊಂಡು ಅಂದಳಲ್ಲ! ಅವಳನ್ನ ಕೊನೇಗಾಲದಲ್ಲಿ ಎತ್ತಿ ಕೂರಿಸಿ, ಮಲಗಿಸಿ, ಹೇಲು ಉಚ್ಚೆ ಬಾಚಿದೆ ನಾನು! ನಾಯಿ ಬಾಯಿಗೆ ಹಾಕಿಬಂದಳಾ ನನ್ನ ಮಗೂನ, ಆ ರಾಕ್ಷಸಿ..."

"ಸಾಕು," ಅಂದ ವಾಲ್ಟ್. "ನನ್ನನ್ನ ಬೈಯಿ. ಅಮ್ಮನ್ನ ಬೈಬೇಡ. ಅಮ್ಮ ಎಸೆದಿಲ್ಲ."

"ಮತ್ತೆ?"

"ಅವಳು ದಿಬ್ಬಕ್ಕೆ ಹೋಗಲೇ ಇಲ್ಲ. ಗೇಟಿನ ಹತ್ತಿರ ಪೆಟ್ಟಿಗೆ ನಾನೇ ಕಿತ್ತುಕೊಂಡೆ."

ವಾಲ್ಟ್ ಕುರ್ಚಿ ಎಳೆದು ಕೂತ. ಹೆಸ್ಟರ್ ನಿಂತೇ ಇದ್ದಳು. ಅವನು ಮೇಜಿನ ಮೇಲಿನ ಕಪ್ಪಿಗೆ ಹೇಳುವವನಂತೆ ನಿಧಾನವಾಗಿ ಹೇಳತೊಡಗಿದ.

"ಅವತ್ತು ಆಲಿಕಲ್ಲು ಮಳೆ. ಹಿಂದಿನ ವಾರ ಆ ದಿಬ್ಬದಲ್ಲಿ ನರಿ ಮಣ್ಣು ಕೆದರಿದ್ದು ಕಣ್ಣಾರೆ ನೋಡಿದ್ದೆ. ಬಯಲಲ್ಲಿ ಬಿಟ್ಟು ಬರೋಕೆ ನನ್ನ ಕೈಲಿ ಆಗ್ಲಿಲ್ಲ ಹೆಸ್ಟರ್. ಚರ್ಚಿಗೆ ಹೋದೆ. ಗೋರಿ ತೋಡೋ ಎಫ್ರಿಮ್ ಅಲ್ಲಿ ಗುಂಡಿ ತೋಡ್ತಿದ್ದ, ಮಾರನೆ ದಿನ ಬೇರೆ ಯಾರನ್ನೋ ಮಣ್ಣು ಮಾಡೋಕೆ. ಅವನ ಕಾಲು ಹಿಡಕೊಂಡೆ. ನಿಜವಾಗಿ ಹಿಡಕೊಂಡೆ. ಅವನು ಗುಂಡಿಯ ತಳದಲ್ಲಿ ಇನ್ನೊಂದು ಸಣ್ಣ ಗುಂಡಿ ತೋಡಿ, ಪೆಟ್ಟಿಗೆ ಇಟ್ಟು, ಮಣ್ಣು ಮುಚ್ಚಿ ತುಳಿದ. ಮಾರನೆ ದಿನ ದೊಡ್ಡ ಪೆಟ್ಟಿಗೆ ಅದರ ಮೇಲೆ ಇಳೀತು. ಪಾದ್ರಿ ಓದಿದ್ದನ್ನೆಲ್ಲ ಬೇಲಿ ಆಚೆ ಟೋಪಿ ತೆಗೆದು ನಿಂತು ಕೇಳಿದೆ. ಒಂದು ಅಕ್ಷರ ಬಿಡದೆ ಕೇಳಿದೆ. ಅವರಿಗೆ ಗೊತ್ತಿಲ್ಲ, ಆದರೆ ನಮ್ಮ ಮಗೂಗೂ ಸೇರಿಸಿ ಓದಿದ ಹಾಗಾಯ್ತು. ಅವಳಿಗೆ ಎಲ್ಲ ಆಗಿದೆ ಹೆಸ್ಟರ್. ಮಣ್ಣು, ಪ್ರಾರ್ಥನೆ, ಎಲ್ಲ."

"ಯಾರ ಗುಂಡಿ?"

ವಾಲ್ಟ್ ತಡವರಿಸಿದ. "ಮಿಸ್ ಬ್ರಂಡಲ್."

ಹೆಸ್ಟರ್‌ಗೆ ನಗು ಬಂತು, ಅಳು ಬಂತು, ಯಾವುದು ಮೊದಲು ಬಂತೋ ಅವಳಿಗೇ ತಿಳಿಯಲಿಲ್ಲ. ಕೆಜಾಯ ಬ್ರಂಡಲ್! ಮದುವೆಯಿಲ್ಲ, ಮಕ್ಕಳಿಲ್ಲ, ಮಕ್ಕಳ ನೆರಳು ಕಂಡರೂ ಉರಿದುಬೀಳುತ್ತಿದ್ದ ಹೊಲಿಗೆಯ ಮುದುಕಿ. ಉದುರಿದ ಒಂದು ಸೇಬು ಹೆಕ್ಕಿದ್ದಕ್ಕೆ ಚಿಕ್ಕ ಹೆಸ್ಟರ್‌ಳ ಕಾಲಿಗೆ ಬರೆ ಬರುವಂತೆ ಬಾರಿಸಿದವಳು.

"ಎಫ್ರಿಮ್‌ಗೆ ಮಾತು ಕೊಟ್ಟಿದ್ದೆ," ಅಂದ ವಾಲ್ಟ್. "ತಿಳಿದರೆ ಅವನ ಕೆಲಸ ಹೋಗ್ತಿತ್ತು. ಅಮ್ಮನ ಕೈಲೂ ಆಣೆ ಹಾಕಿಸಿದೆ."

"ಎಫ್ರಿಮ್ ಸತ್ತು ಯಾವ ಕಾಲ ಆಯ್ತು!"

"ಹೌದು. ಆಮೇಲೆ ಹೇಳೋಣ ಅಂದುಕೊಂಡೆ. ಅಷ್ಟೊತ್ತಿಗೆ ನೀನು ದಿನಾ ಕಿಟಕೀಲಿ ನಿಂತು ಅವಳ ಜೊತೆ ಮಾತಾಡ್ತಿದ್ದೆ. ಅದನ್ನ ಕೇಳಿಸಿಕೊಂಡು ನಾನು ಬಾಗಿಲಲ್ಲಿ ನಿಂತಿರ್ತಿದ್ದೆ. ಏನಂತ ಹೇಳಲಿ? ಅಲ್ಲಿ ಯಾರೂ ಇಲ್ಲ ಅನ್ನಲಾ? ಒಂದು ದಿನ ತಡ ಆಯ್ತು, ಒಂದು ವರ್ಷ ತಡ ಆಯ್ತು. ಆಮೇಲೆ ಹೇಳೋಕೆ ಮುಖ ಉಳೀಲಿಲ್ಲ."

"ಮೂವತ್ತು ಚಿಲ್ಲರೆ ವರ್ಷ," ಅಂದಳು ಹೆಸ್ಟರ್. ಅವಳ ದನಿ ಈಗ ಸಣ್ಣಗಾಗಿತ್ತು, ಅದು ಬೈಗುಳಕ್ಕಿಂತ ವಾಲ್ಟ್‌ಗೆ ಹೆಚ್ಚು ನಾಟಿತು. "ಮೂವತ್ತು ಚಿಲ್ಲರೆ ವರ್ಷ ಮೊಲದ ಗುಡ್ಡಕ್ಕೆ ಗುಡ್ ಮಾರ್ನಿಂಗ್ ಹೇಳಿಸಿದೆ ನನ್ನ ಕೈಲಿ. ಪ್ರತಿ ಭಾನುವಾರ ಚರ್ಚಿಗೆ ಹೋಗಿದ್ದೀನಿ. ಆ ಬ್ರಂಡಲ್ ಕಲ್ಲಿಗೇ ನನ್ನ ಸೈಕಲ್ ಒರಗಿಸಿದ್ದೀನಿ, ವಾಲ್ಟ್! ನೀನು ಪಕ್ಕದಲ್ಲೇ ನಿಂತು ನೋಡಿದ್ದೀಯ!"

"ನೋಡಿದ್ದೀನಿ," ಅಂದ ಅವನು. "ಬೇರೆಯವರೆಲ್ಲ ಗೋಡೆಗೆ ಒರಗಿಸ್ತಿದ್ರು. ನಿನಗೆ ಆ ಕಲ್ಲಿಗೆ ಒರಗಿಸು ಅಂತ ಮೊದಲ ಸಲ ಹೇಳಿದವನು ನಾನೇ. ನಿನಗೆ ನೆನಪಿಲ್ಲ. ಅಷ್ಟಾದರೂ ಹತ್ತಿರ ಹೋಗಿ ಬರಲಿ ಅಂತ."

ಹೆಸ್ಟರ್ ಮೇಜಿನ ಅಂಚನ್ನು ಹಿಡಿದುಕೊಂಡಳು. ಅವನನ್ನು ಹೊಡೆಯಬೇಕು ಅನ್ನಿಸಿತು, ಅವನ ತಲೆಯನ್ನು ಎದೆಗೆ ಒತ್ತಿಕೊಳ್ಳಬೇಕು ಅನ್ನಿಸಿತು, ಎರಡೂ ಮಾಡಲಿಲ್ಲ. ತಟ್ಟೆಗೆ ಬ್ರೆಡ್ಡು, ಚೀಸು ಹಾಕಿ ಅವನ ಮುಂದೆ ತಳ್ಳಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಬ್ರೆಡ್ಡು ಬೆಳಗಾದರೂ ಹಾಗೇ ಇತ್ತು.

ಬೆಳಿಗ್ಗೆ ಬುಲ್ಡೋಜರಿನ ಸದ್ದಿಗೆ ಕಿಟಕಿಯ ಗಾಜು ನಡುಗತೊಡಗಿತು. ಮೊದಲು ಒಡ್ಡು ಹೋಯಿತು, ಆ ಮಣ್ಣೇ ಕಂದಕಕ್ಕೆ ಬಿತ್ತು. ಜೊಂಡಿನ ನಡುವಿನಿಂದ ನೀರುಕೋಳಿಗಳು ಅರಚುತ್ತ ಎದ್ದವು. ಆಮೇಲೆ ಅದು ದಿಬ್ಬದ ಕಡೆ ತಿರುಗಿತು. ಹೆಸ್ಟರ್ ಒಲೆ ಮೇಲೆ ಕೆಟಲ್ ಇಟ್ಟು, ಅಭ್ಯಾಸಬಲದಿಂದ ಕಿಟಕಿಗೆ ಹೋದಳು. ಬಾಯಿ ತೆರೆದಳು. ಹೇಳಲು ಅಲ್ಲಿ ಯಾರೂ ಇರಲಿಲ್ಲ. ಕೆಟಲ್ ಇಳಿಸಿ, ಕಪ್ಪನ್ನು ಬಟ್ಟೆಯಲ್ಲಿ ಸುತ್ತಿ, ಸೈಕಲ್ ಹತ್ತಿದಳು.

ಚರ್ಚಿನಂಗಳದಲ್ಲಿ ಯಾರೂ ಇರಲಿಲ್ಲ. ಕೈ ತಾನಾಗಿ ಸೈಕಲನ್ನು ಒಯ್ದು ಆ ಕಲ್ಲಿಗೆ ಒರಗಿಸಿತು. ಕಲ್ಲಿನ ಅಂಚಿನಲ್ಲಿ ಹ್ಯಾಂಡಲ್ ಉಜ್ಜಿ ಉಜ್ಜಿ ಒಂದು ಗುರುತು ಬಿದ್ದಿತ್ತು; ಅಷ್ಟು ಭಾನುವಾರಗಳು. ಹೆಸ್ಟರ್ ಸೈಕಲನ್ನು ಥಟ್ಟನೆ ಎಳೆದುಕೊಂಡು ದೂರದ ಗೋಡೆಗೆ ಇಟ್ಟು ಬಂದಳು. ಸಮಾಧಿಯ ಮೇಲೆ ಮೊಣಕಾಲುದ್ದ ಕಳೆ. ಕೀಳುವವರು ಯಾರು ಆ ಮುದುಕಿಗೆ? ಹೆಸ್ಟರ್ ಬಗ್ಗಿ ಕೀಳತೊಡಗಿದಳು.

"ಮಿಸ್ ಬ್ರಂಡಲ್," ಅಂದಳು ಒಂದಿಷ್ಟು ಕಿತ್ತ ಮೇಲೆ. "ನಿಮಗೆ ಮಕ್ಕಳು ಕಂಡರೆ ಆಗ್ತಿರಲಿಲ್ಲ, ನಂಗೊತ್ತು. ಇದು ಗಲಾಟೆ ಮಾಡೋ ಮಗು ಅಲ್ಲ. ಒಂದು ಸಲಾನೂ ಅತ್ತಿಲ್ಲ." ಕೈಯಲ್ಲಿ ಕಳೆ ಹಿಡಿದೇ ಅಳತೊಡಗಿದಳು.

ಅಳು ನಿಂತಾಗ ಬೇಲಿಯ ಕಡೆ ನೋಡಿದಳು. ವಾಲ್ಟ್ ಅಲ್ಲಿದ್ದ, ಬೇಲಿಯ ಆಚೆ, ಟೋಪಿ ಕೈಯಲ್ಲಿ. ಕೊಟ್ಟಿಗೆಯ ಕೆಲಸ ಬಿಟ್ಟು ಹಿಂದೆಯೇ ಬಂದಿದ್ದ.

"ಅಲ್ಲೇನು ಕಳ್ಳನ ಥರ ನಿಂತಿದ್ದೀಯ?" ಅಂದಳು. "ಒಳಗೆ ಬಾ."

ಅವನು ಬಂದು ಎರಡು ಮಾರು ದೂರದಲ್ಲಿ ನಿಂತ. ಹೆಸ್ಟರ್ ಬಟ್ಟೆ ಬಿಚ್ಚಿ ಕಪ್ಪನ್ನು ಕೈಗೆ ತೆಗೆದುಕೊಂಡಳು. ದೂರದಲ್ಲಿ ಬುಲ್ಡೋಜರ್ ಇನ್ನೂ ಗುರುಗುಡುತ್ತಿತ್ತು.

"ನಾನು ಎತ್ತಿಕೊಳ್ಳಲೇ ಇಲ್ಲ," ಅಂದಳು. "ಎತ್ತಿಕೊಂಡಿದ್ದು ನೀನೊಬ್ಬನೇ. ಭಾರ ಇದ್ದಳಾ?"

ಕರುವನ್ನು ಕಣ್ಣಲ್ಲೇ ತೂಗುವ ಮನುಷ್ಯ ವಾಲ್ಟ್. ಎರಡು ಕೈಗಳನ್ನೂ ಮುಂದೆ ಚಾಚಿ ಅವುಗಳನ್ನೇ ನೋಡಿದ. "ಇಲ್ಲ," ಅಂದ. "ಏನೂ ಇರಲಿಲ್ಲ. ಬಸಿ ಅಲ್ಲಾಡ್ತಿತ್ತು ಪೆಟ್ಟಿಗೆಯೊಳಗೆ. ದಾರಿಯುದ್ದಕ್ಕೂ ಆ ಸದ್ದು. ಇವತ್ತಿಗೂ ನೀನು ಟೀ ತಂದಾಗಲೆಲ್ಲ..."

ಹೆಸ್ಟರ್ ಕಪ್ಪಿನ ಅಂಚಿನ ಬಳ್ಳಿಯ ಮೇಲೆ ಬೆರಳಾಡಿಸಿದಳು.

"ತಲೆ ಯಾವ ಕಡೆ?" ಅಂದಳು ಆಮೇಲೆ.

ವಾಲ್ಟ್ ಮುಂದೆ ಬಂದು, ಕಲ್ಲಿನಿಂದ ಒಂದು ಮೊಳದಾಚೆ, ಎಡಗಡೆಗೆ ಕೈ ತೋರಿಸಿದ. ಹೆಸ್ಟರ್ ಆ ಕಡೆಗೆ ಹೋಗಿ ಒದ್ದೆ ಹುಲ್ಲಿನ ಮೇಲೆ ಕೂತು, ಕಪ್ಪನ್ನು ಮಗಳ ಪಕ್ಕ ಇಟ್ಟಳು.